ಟೆಸ್ಸಾಳ ಕಾರಿನ ಹಿಂದಿನ ಎರಡು ಟೈರು

ಪೋರ್ಟ್ ಅಗಸ್ಟಾದಲ್ಲಿ ಟೈರು ನೋಡುವುದರಲ್ಲಿ ಕ್ಲೆಮ್ ಪೆಂಗೆಲಿಯನ್ನು ಮೀರಿಸಿದವರಿರಲಿಲ್ಲ. ಪಶ್ಚಿಮಕ್ಕೆ ನಲ್ಲರ್‌ಬಾರ್ ಬಯಲು ದಾಟುವವರು, ಉತ್ತರಕ್ಕೆ ಆಲಿಸ್ ಸ್ಪ್ರಿಂಗ್ಸ್‌ಗೆ ಹೊರಟವರು, ಯಾರೇ ಆಗಲಿ ನಮ್ಮ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, "ಕ್ಲೆಮ್, ಇದು ಆ ಕೊನೆ ಮುಟ್ಟುತ್ತಾ?" ಎಂದು ಕೇಳುತ್ತಿದ್ದರು. ಅವನು ಅಳತೆಕಡ್ಡಿ ತೆಗೆಯುವ ಮೊದಲು ಟೈರಿನ ಮೇಲೆ ಅಂಗೈ ಆಡಿಸುತ್ತಿದ್ದ. ಮುಟ್ಟುತ್ತೆ ಎಂದರೆ ಮುಟ್ಟುತ್ತದೆ, ಇಲ್ಲ ಎಂದರೆ ಇಲ್ಲ. ಹನ್ನೊಂದು ವರ್ಷ ಅದೇ ಅಂಗಡಿಯ ಕೌಂಟರಿನಲ್ಲಿ ಕೂತಿದ್ದ ನಾನು, ಅವನು ಸುಳ್ಳು ಹೇಳಿದ್ದನ್ನು ಕೇಳಿದ್ದು ಒಂದೇ ಸಲ.

ಅವನ ಹೆಂಡತಿ ಮೂರಿಯಲ್, ಮಗಳು ಟೆಸ್ಸಾಗೆ ಒಂಬತ್ತು ವರ್ಷವಾಗಿದ್ದಾಗ ಅವಳನ್ನು ಕರೆದುಕೊಂಡು ಅಡಿಲೇಡಿಗೆ ಹೋದಳು. ಅಲ್ಲಿ ನೀಲ್ ಶೋಬರ್ ಎಂಬ ಮೇಷ್ಟ್ರನ್ನು ಮದುವೆಯಾದಳು. ಹೆಂಡತಿ ಹೋದದ್ದನ್ನು ಕ್ಲೆಮ್ ನುಂಗಿಕೊಂಡ. ನುಂಗಲಾಗದ್ದು ಭಾನುವಾರದ ಫೋನು. ನೀಲ್ ಈಜು ಕಲಿಸಿದ, ನೀಲ್ ಕಾರು ಓಡಿಸೋಕೆ ಕಲಿಸಿದ ಎಂದು ಮಗಳು ಸಂಭ್ರಮದಿಂದ ಹೇಳುತ್ತಿದ್ದಳು. ಸೋಮವಾರ ಬೆಳಿಗ್ಗೆ ಕ್ಲೆಮ್ ಸ್ಪ್ಯಾನರ್ ಎಸೆಯುವ ಸದ್ದಿನಲ್ಲೇ ನನಗೆ ಹಿಂದಿನ ದಿನದ ಮಾತೆಲ್ಲ ತಿಳಿದುಹೋಗುತ್ತಿತ್ತು.

ಟೆಸ್ಸಾ ದೊಡ್ಡವಳಾಗಿ ನರ್ಸ್ ಆದಳು, ಪರ್ತ್‌ನಲ್ಲಿ ಕೆಲಸ ಸಿಕ್ಕಿತು. ಎರಡು ಸಾವಿರ ಕಿಲೋಮೀಟರು ಮೀರಿದ ದಾರಿ. ಜೊತೆಗೆ ಬಾ ಎಂದು ಅವಳು ಕರೆದದ್ದು ನೀಲ್‌ನನ್ನು.

ಅವರಿಬ್ಬರೂ ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ಟೆಸ್ಸಾ ಅಪ್ಪನನ್ನು ತಬ್ಬಿಕೊಂಡಳು. ಆಮೇಲೆ ಕಾರಿನ ಕಡೆ ತಿರುಗಿ, "ಪಪ್ಪಾ, ಕೀ ಕೊಡಿ," ಎಂದಳು. ಪಪ್ಪಾ ಎಂದದ್ದು ನೀಲ್‌ಗೆ. ಕ್ಲೆಮ್‌ನ ಕತ್ತು ಕೆಂಪಗಾಯಿತು.

"ಬಯಲು ದಾಟೋ ಮುಂಚೆ ನೀವೊಂದು ಸಲ ನೋಡಿಬಿಡಿ," ಎಂದ ನೀಲ್. "ನಿಮ್ಮ ಕಣ್ಣಿಗೆ ಬಿದ್ದರೆ ನನಗೆ ಧೈರ್ಯ."

ಕ್ಲೆಮ್ ಕಾರನ್ನು ಮೇಲೆತ್ತಿಸಿ ಕೆಳಗೆ ನುಗ್ಗಿದ. ಯಾವ ಟೈರನ್ನೂ ಅವನು ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿಲ್ಲ. ಗಾಳಿ ಅಳೆದ, ಸರಿಯಿತ್ತು. ಗೀರುಗಳ ಆಳ ಅಳೆದ, ನಾಲ್ಕರಲ್ಲೂ ಏಳು ಮಿಲಿಮೀಟರು, ಹೆಚ್ಚುಕಡಿಮೆ ಹೊಸದರಷ್ಟು. ಒಳಅಂಚು ಸವೆದಿರಬಹುದೆಂದು ಬೆರಳು ತೂರಿಸಿದ, ಸವೆದಿರಲಿಲ್ಲ. ಪಕ್ಕದ ಗೋಡೆಯಲ್ಲಿ ಬಿರುಕು ಹುಡುಕಿದ, ತಯಾರಾದ ವರ್ಷ ಓದಿದ. ಕೊನೆಗೆ ಸಾಮಾನೆಲ್ಲ ಕೆಳಗಿಳಿಸಿ ಸ್ಟೆಪ್ನಿಯನ್ನೂ ಹೊರಗೆಳೆದ. ಅದಕ್ಕೂ ಗಾಳಿ ತುಂಬಿತ್ತು.

"ಹತ್ತು ಸಾವಿರಕ್ಕೊಮ್ಮೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಹಾಕ್ತೀನಿ," ಎಂದ ನೀಲ್, ಪರೀಕ್ಷೆಗೆ ಕೂತ ಹುಡುಗನ ಹಾಗೆ.

"ಕಾಣ್ತಾ ಇದೆ," ಎಂದ ಕ್ಲೆಮ್. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡ. ಆಮೇಲೆ ನೆಲ ನೋಡುತ್ತ, "ಹಿಂದಿನವೆರಡೂ ಹೋಗಿವೆ. ಒಳಗಡೆ ಸೀಳಿದೆ. ಈ ಸೈಜಿಂದು ನಮ್ಮಲ್ಲಿಲ್ಲ. ನಾಳೆ ಅಡಿಲೇಡಿಂದ ಬರಬೇಕು. ಇವತ್ತು ರಾತ್ರಿ ನಿಲ್ಲಲೇಬೇಕು," ಎಂದ.

ಆ ಸೈಜಿನ ನಾಲ್ಕು ಟೈರು ನನ್ನ ಬೆನ್ನ ಹಿಂದಿನ ಅಟ್ಟಣೆಯಲ್ಲೇ ಇದ್ದವು. ನಾನು ಬಾಯಿ ಬಿಡಲಿಲ್ಲ.

ಟೆಸ್ಸಾ ಬಗ್ಗಿ ಹಿಂದಿನ ಚಕ್ರದ ಒಳಮೈಗೆ ಕೈ ಹಾಕಿದಳು. ಬೆರಳನ್ನು ಸುತ್ತಲೂ ನಿಧಾನವಾಗಿ ಓಡಿಸಿದಳು. ಹಾಗೆ ನೋಡುವುದನ್ನು ಏಳನೇ ವಯಸ್ಸಿನಲ್ಲಿ ಅವಳಿಗೆ ಕಲಿಸಿದವನು ಕ್ಲೆಮ್‌ನೇ.

"ಎಲ್ಲಿ ಅಪ್ಪಾ ಸೀಳಿರೋದು?"

ನೀಲ್ ನಡುವೆ ಬಂದು, "ಬಿಡಮ್ಮ. ಅವರು ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದಾರೆ. ನಾಳೆ ಹೋದ್ರಾಯ್ತು," ಎಂದ. ಅವನಿಗೂ ಗೊತ್ತಿತ್ತು. ಮುಖ ನೋಡಿದರೆ ತಿಳಿಯುವಂತಿತ್ತು.

ಕ್ಲೆಮ್‌ಗೆ ಉರಿದದ್ದು ಅದೇ. ತನ್ನ ಮಾನ ಕಾಯಲು ಬೇರೆ ಯಾರೂ ಸಿಗಲಿಲ್ಲವೇ!

"ಎಲ್ಲೂ ಸೀಳಿಲ್ಲ!" ಎಂದು ಕೂಗಿಬಿಟ್ಟ. "ಸುಳ್ಳು ಹೇಳಿದೆ. ಇವನು ಇಟ್ಕೊಂಡಿರೋ ಹಾಗೆ ಟೈರು ಯಾರೂ ಇಟ್ಕೊಂಡಿಲ್ಲ, ಸಾಕಾ? ನೀನು ಒಂದು ದಿನ ನಿಲ್ಲಲಿ ಅಂತ ಹೇಳಿದೆ."

"ನಿಲ್ಲು ಅಂತ ಬಾಯಿಬಿಟ್ಟು ಕೇಳೋಕೆ ಏನಾಗಿತ್ತು?"

"ಕೇಳಿದ್ರೆ ನಿಲ್ತಿದ್ದೆಯಾ?"

ಟೆಸ್ಸಾ ಅವನ ಮುಖವನ್ನೇ ನೋಡಿದಳು. "ಇಲ್ಲ. ಸೋಮವಾರ ಡ್ಯೂಟಿಗೆ ಹೋಗ್ಬೇಕು. ಆದ್ರೆ ಊಟ ಮಾಡ್ಕೊಂಡು ಹೋಗ್ತಿದ್ದೆ. ಬಾ, ಹೋಗೋಣ."

ನೀಲ್ ತನಗೆ ಹಸಿವಿಲ್ಲವೆಂದು ಕಾರಿನ ಹತ್ತಿರವೇ ಉಳಿದ. ಅಪ್ಪ ಮಗಳು ಬೇಕರಿಗೆ ಹೋಗಿ ಒಂದೂವರೆ ಗಂಟೆ ಕೂತರು. ಅಷ್ಟೂ ಹೊತ್ತು ನೀಲ್ ಒಬ್ಬನೇ ಸಾಮಾನನ್ನೆಲ್ಲ ಮತ್ತೆ ಜೋಡಿಸಿದ. ನಾನು ಕೊಟ್ಟ ಚಹಾ ಕುಡಿದು, "ಆ ಊರಿಗೆ ಹೋಗ್ತಾಳೆ ಅಂತ ನನಗೂ ಸಂಕಟ ಕಣಮ್ಮ, ಯಾರ ಹತ್ರ ಹೇಳ್ಲಿ," ಎಂದ. ಈ ಮಾತನ್ನು ನಾನು ಕ್ಲೆಮ್‌ಗೆ ಹೇಳಲಿಲ್ಲ. ಹೇಳಬೇಕಿತ್ತೋ ಏನೋ.

ಅವರು ಹೊರಟಾಗ ಕ್ಲೆಮ್ ನೀಲ್‌ನ ಕೈ ಕುಲುಕಿದ. ಮನಸ್ಸಿನಿಂದಲ್ಲ, ಮಗಳು ನೋಡುತ್ತಿದ್ದಳೆಂದು.

ಮರುವರ್ಷ ಏಪ್ರಿಲ್‌ನಲ್ಲಿ ಕ್ಲೆಮ್‌ನೇ ರಜೆ ಹಾಕಿ ಪರ್ತ್‌ಗೆ ಹೋದ, ಎಂಟು ದಿನ ಇದ್ದ. ವಾಪಸು ಬಂದಾಗ ಮುಖ ತುಂಬಿಕೊಂಡಿತ್ತು. ಮಗಳು ಮೀನು ಹುರಿದು ಹಾಕಿದ್ದು, ಸಮುದ್ರಕ್ಕೆ ಕರೆದುಕೊಂಡು ಹೋದದ್ದು, ಆಸ್ಪತ್ರೆಯವರಿಗೆಲ್ಲ ನಮ್ಮಪ್ಪ ಎಂದು ತೋರಿಸಿದ್ದು ಎಲ್ಲ ಹೇಳಿದ. ಆಮೇಲೆ ದನಿ ತಗ್ಗಿಸಿದ.

"ಅವಳ ಅಡಿಗೆಮನೇಲಿ ಒಂದು ಕಪಾಟಿದೆ. ಆ ನೀಲ್ ಮಾಡಿಕೊಟ್ಟಿದ್ದಂತೆ. ಎಂಟು ದಿನ ಬಾಗಿಲು ಹಾಕಿ ತೆಗೆದು ನೋಡಿದೆ ಕಣೇ. ಒಂಚೂರು ಕಿರ್ ಅನ್ನಲ್ಲ, ಹಾಳಾದೋನಂದು."