ಹನ್ನೆರಡಕ್ಕೆ ನೆರಳಿತ್ತು

ಇದನ್ನು ಬರೆಯುವುದನ್ನು ಮುಂದೂಡುತ್ತಲೇ ಬಂದೆ. ಪಾರ್ಕಿನ ನಾಯಿಗಳು, ಫುಟ್‌ಪಾತಿನ ಗುಂಡಿ, ನನ್ನ ಮಂಡಿನೋವು, ಎಲ್ಲದರ ಬಗ್ಗೆಯೂ ಈ ಜಾಗದಲ್ಲಿ ನಿಮ್ಮ ತಲೆ ತಿಂದಿದ್ದೇನೆ. ಇದೊಂದನ್ನು ಮಾತ್ರ ಬಿಟ್ಟಿದ್ದೆ. ಮೊನ್ನೆ ನಡೆದದ್ದರ ಮೇಲೆ ಇನ್ನು ಬಿಡಲು ಆಗುತ್ತಿಲ್ಲ.

ಏಪ್ರಿಲ್ ಕೊನೆಯ ವಾರ. ಜಯನಗರದ ನಮ್ಮ ಪಾರ್ಕಿನಲ್ಲಿ, ಆ ಬಿರುಬಿಸಿಲಲ್ಲಿ, ಒಂದು ಗುಂಪು. ಯಾರಾದರೂ ತಲೆಸುತ್ತಿ ಬಿದ್ದರೇ ಎಂದು ಹೋಗಿ ನೋಡಿದೆ. ಒಂದು ಟೇಬಲ್, ಅದರ ಮೇಲೆ ಬಿಳಿ ಹಾಳೆ, ಹಾಳೆಯ ಮೇಲೆ ನೆಟ್ಟಗೆ ನಿಲ್ಲಿಸಿದ ಪಿವಿಸಿ ಪೈಪು. ಕಾಲೇಜು ಓದುವ ಹುಡುಗಿಯೊಬ್ಬಳು ವಿವರಿಸುತ್ತಿದ್ದಳು. ಅವತ್ತು ಶೂನ್ಯ ನೆರಳಿನ ದಿನವಂತೆ. ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲವಂತೆ, ಏಪ್ರಿಲ್‌ನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ. ಆಗ ನೆಟ್ಟಗೆ ನಿಂತ ವಸ್ತುವಿನ ನೆರಳು ಮಾಯ. (ದೆಹಲಿಯವರಿಗೆ ಈ ಭಾಗ್ಯ ಒಂದು ಸಲವೂ ಇಲ್ಲವಂತೆ. ಯಾಕೆ? ಹೇಳಿದಳು. ತಲೆಗೆ ಹೋಗಲಿಲ್ಲ.)

“ಹನ್ನೆರಡು ಹದಿನೇಳಕ್ಕೆ ಆಗುತ್ತೆ, ಯಾರೂ ಹೋಗ್ಬೇಡಿ” ಎಂದಳು.

“ಹನ್ನೆರಡಕ್ಕೆ ಯಾಕೆ ಆಗಲ್ಲಮ್ಮ?” ಕೇಳಿಯೇಬಿಟ್ಟೆ.

“ಅಂಕಲ್, ನಮ್ಮ ವಾಚ್‌ನಲ್ಲಿರೋದು ಬೆಂಗಳೂರು ಟೈಮೇ ಅಲ್ಲ. ಇಡೀ ಇಂಡಿಯಾಗೆ ಒಂದೇ ಟೈಮು, ಅದು ಅಲಹಾಬಾದ್ ಕಡೆ ಸೂರ್ಯನ ಲೆಕ್ಕ. ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೀವಲ್ಲ, ಸೂರ್ಯ ಇಲ್ಲಿಗೆ ಬರೋದು ಲೇಟು.”

“ಸೂರ್ಯನಿಗೂ ಸಿಲ್ಕ್ ಬೋರ್ಡ್ ಟ್ರಾಫಿಕ್ಕಾ!” ಪಕ್ಕದಲ್ಲಿದ್ದವರು ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಬಹಳ ವರ್ಷಗಳ ಹಿಂದೆ ಬನಶಂಕರಿಯ ಒಂದು ಹೈಸ್ಕೂಲಿನಲ್ಲಿ ನಾನು ಅಟೆಂಡರ್ ಆಗಿದ್ದೆ. ಬೆಲ್ ಹೊಡೆಯುವುದು ನನ್ನ ಕೆಲಸ. (ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಗೆ ವಾಚು ಸರಿಮಾಡಿಕೊಂಡೇ ಮನೆ ಬಿಡುತ್ತಿದ್ದೆ. ಅಷ್ಟು ಜಂಬ.) ಆ ವರ್ಷ ಸೈನ್ಸ್‌ಗೆ ಹೊಸ ಮಿಸ್ ಬಂದಿದ್ದರು, ಟೆಂಪರರಿ. ಆಗಸ್ಟ್‌ನ ಒಂದು ದಿನ ಮಕ್ಕಳನ್ನು ಮೈದಾನಕ್ಕೆ ಕರೆತಂದು, ಸ್ಟೂಲಿನ ಮೇಲೆ ಒಂದಡಿಯ ಪೈಪು ನಿಲ್ಲಿಸಿದರು.

“ಗಂಗಣ್ಣ, ಹನ್ನೆರಡರ ಬೆಲ್ ಇವತ್ತೊಂದು ದಿನ ಅರ್ಧ ಗಂಟೆ ತಡ ಮಾಡ್ತೀರಾ? ನೆರಳು ಹೋಗೋದನ್ನ ಮಕ್ಕಳು ನೋಡ್ಲಿ.”

“ಸೂರ್ಯ ನೆತ್ತಿ ಮೇಲೆ ಬರೋದು ಹನ್ನೆರಡಕ್ಕೇ ಅಲ್ವಾ ಮಿಸ್? ಹೋಗೋದಾದ್ರೆ ಅಷ್ಟೊತ್ತಿಗೆ ಹೋಗುತ್ತೆ ಬಿಡಿ.”

ಅವರು ರೇಖಾಂಶ ಅಂತ ಏನೋ ಹೇಳಿದರು. ನನ್ನ ವಾಚೇ ತಪ್ಪು ಅನ್ನುತ್ತಿದ್ದಾರೆ ಎಂದುಕೊಂಡೆ. ಹನ್ನೆರಡಕ್ಕೆ ಸರಿಯಾಗಿ ಬೆಲ್ ಹೊಡೆದೆ. ಪೈಪಿನ ಬುಡದಲ್ಲಿ ಎರಡು ಬೆರಳಗಲ ನೆರಳು ಹಾಗೇ ಇತ್ತು. ಮಕ್ಕಳು ‘ಹೋ’ ಎಂದು ಕೂಗುತ್ತ ಮುಂದಿನ ಕ್ಲಾಸಿಗೆ ಓಡಿದರು. ಮಿಸ್ ಕೂಡ ಬೇರೆ ಕ್ಲಾಸಿಗೆ ಹೋಗಬೇಕಾಯಿತು.

ಆಮೇಲೆ ಸ್ಟೂಲು ಎತ್ತಿಡಲು ಹೋದೆ. ವಾಚಿನಲ್ಲಿ ಹನ್ನೆರಡು ಇಪ್ಪತ್ತನಾಲ್ಕು. ಪೈಪಿಗೆ ನೆರಳಿಲ್ಲ. ಮೋಡವೇ ಎಂದು ಮೇಲೆ ನೋಡಿದೆ. ಕಣ್ಣು ಕುಕ್ಕುವ ಬಿಸಿಲು. ಸ್ಟೂಲಿನ ಸುತ್ತ ಒಂದು ಪ್ರದಕ್ಷಿಣೆ ಬಂದೆ. ಯಾವ ಕಡೆಯೂ ಇಲ್ಲ. ಮೈದಾನದಲ್ಲಿ ನಾನೊಬ್ಬನೇ. ಪೈಪನ್ನು ಕಂಕುಳಲ್ಲಿಟ್ಟುಕೊಂಡು ಸುಮ್ಮನೆ ಬಂದುಬಿಟ್ಟೆ.

ಸಂಜೆ ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರ್ ಕೇಳಿದರು, “ಏನಯ್ಯಾ ಗಂಗಣ್ಣ, ಹೋಯ್ತಾ ನೆರಳು?”

“ಹನ್ನೆರಡಕ್ಕೆ ನೆರಳಿತ್ತು ಸಾರ್.”

ಇದರಲ್ಲಿ ಸುಳ್ಳೆಲ್ಲಿದೆ? ಒಂದಕ್ಷರವೂ ಇಲ್ಲ. ಎಲ್ಲರೂ ನಕ್ಕರು. “ಮುಂದಿನ ಸಲ ಟೋಪಿಯಿಂದ ಮೊಲ ತೆಗೀರಿ ಮೇಡಂ” ಎಂದರು ಹೆಡ್‌ಮಾಸ್ಟರ್. ಮಿಸ್ ಮಾತ್ರ ನನ್ನ ಕಡೆ ತಿರುಗಿದರು. “ಆಮೇಲೆ ನೋಡಿದ್ರಾ ಗಂಗಣ್ಣ?”

“ಇಲ್ಲ ಮಿಸ್.”

ಮರುದಿನದಿಂದ ಮೋಡ ಕವಿಯಿತು. ಮಕ್ಕಳು ಅವರಿಗೆ ‘ನೆರಳು ಮಿಸ್’ ಎಂದು ಹೆಸರಿಟ್ಟರು. ಅವರು ಮತ್ತೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಲಿಲ್ಲ. ಮುಂದಿನ ಜೂನ್‌ನಲ್ಲಿ ಅವರನ್ನು ಕೆಲಸದಲ್ಲಿ ಮುಂದುವರಿಸಲಿಲ್ಲ. “ಪಾಠ ಬಿಟ್ಟು ಏನೇನೋ ಮಾಡ್ತಾರೆ” ಎಂದು ಹೆಡ್‌ಮಾಸ್ಟರ್ ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ನನ್ನ ‘ಇಲ್ಲ’ದಿಂದಲೇ ಅವರ ಕೆಲಸ ಹೋಯಿತೇ? ಹೌದು ಎನ್ನಲಾರೆ. ಅಲ್ಲ ಎನ್ನಲೂ ಬಾಯಿ ಬರುವುದಿಲ್ಲ.

ಯಾಕೆ ಹಾಗೆ ಹೇಳಿದೆ? ನನಗೆ ಅವರ ಮೇಲೆ ದ್ವೇಷವಿರಲಿಲ್ಲ. ದಿನಾ ಟೀ ಕೊಟ್ಟಾಗ ‘ಥ್ಯಾಂಕ್ಸ್’ ಎನ್ನುತ್ತಿದ್ದವರು ಅವರೊಬ್ಬರೇ. ಎಸ್ಸೆಸ್ಸೆಲ್ಸಿ ಓದಿದ ತಲೆಗೆ ಸೂರ್ಯನ ಲೆಕ್ಕ ಹತ್ತದಿದ್ದರೆ ಅದು ತಪ್ಪಲ್ಲ. ಆದರೆ ಕಣ್ಣಾರೆ ಕಂಡದ್ದನ್ನು ಕಂಡೆ ಎನ್ನಲು ಎಷ್ಟು ಓದಿರಬೇಕು?

ಮೊನ್ನೆ ಪಾರ್ಕಿನಲ್ಲಿ ಹನ್ನೆರಡು ಹದಿನೇಳಾಯಿತು. ನೆರಳು ಸಣ್ಣದಾಗುತ್ತ ಆಗುತ್ತ ಪೈಪಿನ ಬುಡದಲ್ಲಿ ಇಲ್ಲವಾಯಿತು. ಜನ ಚಪ್ಪಾಳೆ ಹೊಡೆದರು, ಮೊಬೈಲ್ ಹಿಡಿದು ಮುನ್ನುಗ್ಗಿದರು. ನನ್ನ ಕಣ್ಣು ತುಂಬಿದ್ದನ್ನು ಆ ಹುಡುಗಿ ನೋಡಿದಳು.

“ಫಸ್ಟ್ ಟೈಮ್ ನೋಡ್ತಿರೋದಾ ಅಂಕಲ್?”

“ಹೂಂ ಕಣಮ್ಮ” ಎಂದೆ. ಈ ವಯಸ್ಸಿನಲ್ಲಿ, ಯಾವ ಹೆಡ್‌ಮಾಸ್ಟರೂ ಎದುರಿಗಿಲ್ಲದಿದ್ದರೂ!

ಅಲ್ಲಮ್ಮ, ಅದು ಎರಡನೇ ಸಲ. ಮೊದಲನೇ ಸಲ ತೋರಿಸಿದವರು ಸರೋಜಾ ಮಿಸ್.