ಚಿಮಣಿ ಎತ್ತರವಾದ ಮೇಲೆ

ಮೊನ್ನೆ ಸೊಸೆ ತಾರಸಿಯಿಂದ ಸಂಡಿಗೆ ತಟ್ಟೆ ತಂದು ನನ್ನ ಮುಂದೆ ಹಿಡಿದಳು. ಪಕ್ಕದ ಕಟ್ಟಡದ ಜನರೇಟರ್ ಉಗುಳಿದ ಮಸಿ, ಬಿಳೀ ಸಂಡಿಗೆಯ ಮೇಲೆಲ್ಲ ಚುಕ್ಕಿ ಚುಕ್ಕಿ. ನೋಡಿದ್ದೇ ತಡ, ರಾಜಾಜಿನಗರದ ಎದುರುಮನೆ ಅಕ್ಕ ನೆನಪಾದರು...

ಎಪ್ಪತ್ತರ ದಶಕ. ನಾನು ಅಲ್ಲಿನ ಕಾರ್ಖಾನೆಯೊಂದರಲ್ಲಿ ಹೊಸ ಇಂಜಿನಿಯರು. ಮದುವೆಯಾಗಿರಲಿಲ್ಲ, ದಾವಣಗೆರೆ ಕಡೆಯ ಆ ಅಕ್ಕ ಕೊಡುತ್ತಿದ್ದ ರೊಟ್ಟಿ, ಎಣ್ಣೆಗಾಯಿ ತಿಂದೇ ಬದುಕಿದವನು. ನಮ್ಮ ಕುಲುಮೆಯ ಹೊಗೆ ನೇರ ನಮ್ಮ ಬೀದಿಗೇ ಇಳಿಯುತ್ತಿತ್ತು. ಅಕ್ಕನ ಪುಟ್ಟ ಮಗಳಿಗೆ ಉಬ್ಬಸ. ಅದು ಉಸಿರಿಗೆ ಒದ್ದಾಡುವ ಸದ್ದು ನನ್ನ ಕೋಣೆಗೂ ಕೇಳುತ್ತಿತ್ತು.

"ಹೊಗೆ ಬರದೇ ಇರೋ ಕಡೆ ಸೈಟ್ ತಗೋತೀವಿ. ಎಲ್ಲಿ ಅಂತ ನೀನೇ ಹೇಳಪ್ಪ, ಓದಿದೋನು," ಅಂದರು ಅಕ್ಕ.

ನಾನು ಭಾರೀ ಗತ್ತಿನಿಂದ ಗಾಳಿಯ ದಿಕ್ಕು, ವೇಗ, ಚಿಮಣಿಯ ಎತ್ತರ ಎಲ್ಲ ಹಿಡಿದು ಲೆಕ್ಕ ಹಾಕಿದೆ. ನಕ್ಷೆಯ ಮೇಲೆ ಹೊಗೆ ಬೀಳುವ ಜಾಗ ಬಾಳೆಲೆಯ ಆಕಾರದಲ್ಲಿ ಮೂಡಿತು. ಗೋವಿಂದರಾಜನಗರ ಆ ಎಲೆಯ ಹೊರಗಿತ್ತು. "ಕಣ್ಮುಚ್ಕೊಂಡು ತಗೊಳ್ಳಿ ಅಕ್ಕ," ಅಂದೆ. ಅಲ್ಲೇ ಮನೆ ಕಟ್ಟಿಸಿಕೊಂಡು ಹೋದರು.

ಮರುವರ್ಷ ನಮ್ಮ ಬೀದಿಯವರು ಕಾರ್ಖಾನೆ ಗೇಟಿನ ಮುಂದೆ ಗಲಾಟೆ ಮಾಡಿದರು. ಚಿಮಣಿ ಎತ್ತರಿಸುವುದೆಂದಾಯಿತು. ಎಷ್ಟು ಎತ್ತರ ಅನ್ನುವ ಲೆಕ್ಕವೂ ನನ್ನದೇ. ಮೇಲಿನಿಂದ ಬಿಟ್ಟ ಹೊಗೆ ದೂರ ಹೋಗಿ ಬೀಳುತ್ತದೆ. ನಮ್ಮ ಬೀದಿ ಪಾರಾಯಿತು. ಸಾಹೇಬರು ಬೆನ್ನು ತಟ್ಟಿದರು, ನಾನೂ ಉಬ್ಬಿಹೋದೆ. ದೂರ ಅಂದರೆ ಎಲ್ಲಿ ಅಂತ ಇನ್ನೊಮ್ಮೆ ನಕ್ಷೆ ಬಿಡಿಸಿ ನೋಡುವ ಗೋಜಿಗೇ ಹೋಗಲಿಲ್ಲ. ಥೂ, ನನ್ನ ಓದಿಗಿಷ್ಟು!

ಆ ಚಳಿಗಾಲದಲ್ಲಿ ಅಕ್ಕ ಊಟಕ್ಕೆ ಕರೆದರು. ಗಾಳಿ ಕಾರ್ಖಾನೆ ಕಡೆಯಿಂದಲೇ ಬೀಸುತ್ತಿತ್ತು. ಅವರ ಹೊಸ ಮನೆಯ ಬಾಗಿಲಲ್ಲೇ ನಮ್ಮ ಕುಲುಮೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ಮಗು ಗೋಡೆಗೆ ಒರಗಿ ಉಸಿರಿಗೆ ಒದ್ದಾಡುತ್ತಿತ್ತು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಹೊಗೆಯನ್ನು ಇಲ್ಲಿಗೆ ಕಳಿಸಿದವನು ನಾನೇ ಎಂದು ತಡವರಿಸುತ್ತ ಹೇಳಿಬಿಟ್ಟೆ.

ಬೈಯುತ್ತಾರೆ ಅಂದುಕೊಂಡೆ. ಅಕ್ಕ ಮಗಳ ಬೆನ್ನು ನೀವುತ್ತಲೇ ಕೇಳಿದರು, "ಹಂಗಾದ್ರೆ ಈಗ ಎಲ್ಲಿಗೆ ಹೋಗೋಣಪ್ಪ? ಇನ್ನೊಂದ್ಸಲ ಲೆಕ್ಕ ಹಾಕಿ ಹೇಳ್ತೀಯಾ?"

ಇನ್ನೂ ನನ್ನನ್ನೇ ನಂಬಿದ್ದರು! "ನೋಡ್ತೀನಿ ಅಕ್ಕ," ಅಂದು, ಊಟದ ಶಾಸ್ತ್ರ ಮುಗಿಸಿ ಎದ್ದು ಬಂದೆ. ಮತ್ತೆ ಆ ಕಡೆ ಮುಖ ತೋರಿಸುವ ಧೈರ್ಯವಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಹೋದರೆ, ಮನೆ ಮಾರಿ ಹೋಗಿದ್ದರು. ಎಲ್ಲಿಗೆಂದು ಅಕ್ಕಪಕ್ಕದವರಿಗೂ ಗೊತ್ತಿರಲಿಲ್ಲ. ಆ ಮಗು ಏನಾಯಿತೋ...

"ಮಾವ, ನಾಳೆ ಇದನ್ನ ಎಲ್ಲಿ ಒಣಗಿಸ್ಲಿ?" ಸೊಸೆ ಇನ್ನೂ ತಟ್ಟೆ ಹಿಡಿದು ನಿಂತಿದ್ದಳು.

"ನಂಗೊತ್ತಿಲ್ಲಮ್ಮ," ಅಂದೆ.

ಅಕ್ಕ ಕೇಳಿದಾಗ ಈ ಮಾತು ಬಾಯಿಗೆ ಬಂದಿರಲಿಲ್ಲ. ನೋಡ್ತೀನಿ ಅಂದಿದ್ದೆ. ಪಾಪ, ಎಷ್ಟು ದಿನ ಕಾದರೋ.