ಡಬ್ಬ ಸುರಿಯಲು ಒಂದು ಜಾಗ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಗಾಡಿಗೆ ಮೊದಲು ಇದ್ದದ್ದು ಕೆನೆ ಬಣ್ಣವೋ, ಈಗಿರುವ ತಿಳಿಹಸಿರೋ ಎಂದು ನನಗೂ ವಿಶಾಲತ್ತೆಗೂ ಇವತ್ತಿಗೂ ವಾದವಿದೆ. ನನ್ನ ಆಗಿನ ಡೈರಿ ತೆಗೆದು ನೋಡಿದರೆ ಬಣ್ಣದ ಬಗ್ಗೆ ಒಂದು ಮಾತೂ ಇಲ್ಲ. ಬದಲಿಗೆ ‘ಮಹಿಳೆ ಮತ್ತು ಸಂಚಾರ’ ಎಂಬ ತಲೆಬರಹದಡಿ ಒಂದೂವರೆ ಪುಟದ ಭಾಷಣವಿದೆ. ಎಂ.ಎ. ಮುಗಿಸಿದ ಹೊಸತರಲ್ಲಿ ಬರೆದದ್ದು, ಕ್ಷಮಿಸಿಬಿಡಿ. ಆದರೆ ವಾಸನೆಯ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಇವತ್ತು ಬೆಳಿಗ್ಗೆ ಹಿತ್ತಲ ಗೋಡೆಯ ಮೇಲೆ ಬಿಸಿಲಿಗಿಟ್ಟಿದ್ದ ಡಬ್ಬದ ಮುಚ್ಚಳ ತಿರುಗಿಸಿದೆ. ಹುಳಿ ಮಜ್ಜಿಗೆಯ ಘಾಟು ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಆ ಮೊದಲ ಪ್ರಯಾಣ ಪೂರ್ತಿಯಾಗಿ ಬಂದು ಎದುರು ನಿಂತಿತು.

ಡಬ್ಬ ಎಂದರೆ ಏನೆಂದು ಈಗಲೇ ಹೇಳಿಬಿಡುತ್ತೇನೆ. ನೀವು ಊಟ ಮಾಡುತ್ತ ಓದುತ್ತಿದ್ದರೆ ಪುಟ ಮಡಿಸಿಟ್ಟು ಕೈ ತೊಳೆದ ಮೇಲೆ ಬನ್ನಿ. ಅಡುಗೆ ಕಟ್ಟೆ, ಮಂಚ, ಎಲ್ಲ ಇರುವ ಗಾಡಿಯಲ್ಲಿ ಕಕ್ಕಸೂ ಇರುತ್ತದೆ. ಅದರ ಪೀಠದ ಕೆಳಗೆ ಕೂರುವ ಪ್ಲಾಸ್ಟಿಕ್ ಪೆಟ್ಟಿಗೆಯೇ ಈ ಡಬ್ಬ. ಇಪ್ಪತ್ತು ಲೀಟರು ಹಿಡಿಯುತ್ತದೆ. ತುಂಬಿದರೆ ಗಾಡಿಯೊಳಗೆ ಕೆಂಪು ದೀಪ ಹತ್ತುತ್ತದೆ. ಆಗ ಹೊರಗಿನ ಪುಟ್ಟ ಬಾಗಿಲು ತೆಗೆದು ಡಬ್ಬವನ್ನು ಎಳೆದು, ಎಲ್ಲಾದರೂ ಸುರಿದು, ತೊಳೆದು, ಮತ್ತೆ ಒಳಗೆ ನೂಕಬೇಕು. ಹೊರದೇಶದವರ ವಿಡಿಯೋಗಳಲ್ಲಿ ಅದಕ್ಕೆ ಚಕ್ರವಿರುತ್ತದೆ. ಜನ ಅದನ್ನು ವಿಮಾನಕ್ಕೆ ಹೊರಟವರ ಹಾಗೆ ಉರುಳಿಸಿಕೊಂಡು, ಅದಕ್ಕಾಗಿಯೇ ಕಟ್ಟಿದ ಜಾಗಕ್ಕೆ ಹೋಗಿ, ಶಿಳ್ಳೆ ಹಾಕುತ್ತ ಸುರಿದು ಬರುತ್ತಾರೆ. ನಾನು ಅಂಥ ವಿಡಿಯೋಗಳನ್ನು ಪರೀಕ್ಷೆಗೆ ಓದುವ ಹಾಗೆ ನೋಡಿದ್ದೆ. ‘ಎಲ್ಲಾದರೂ’ ಎಂಬ ಪದ ಎಷ್ಟು ದೊಡ್ಡದು ಎಂಬುದು ಮಾತ್ರ ಹೊಳೆದಿರಲಿಲ್ಲ.

ವಿಶಾಲತ್ತೆ ನನ್ನ ಅಪ್ಪನ ಅಕ್ಕ. ತಳಿ ಎಂಬ ಊರಿನ ಆಚೆಗಿನ ಒಂದು ಹಳ್ಳಿ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಿಯಾದವರು. ಹೊಸೂರಿನಿಂದ ದಿನಾ ಬಸ್ಸು, ಆಮೇಲೆ ಜೀಪು. ಆ ಶಾಲೆಯಲ್ಲಿ ಮೊದಲ ಹಲವು ವರ್ಷ ಟೀಚರುಗಳಿಗೆ ಕಕ್ಕಸು ಇರಲಿಲ್ಲ, ಕಟ್ಟಿಸಿದ ಮೇಲೆ ಅದಕ್ಕೆ ನೀರು ಇರಲಿಲ್ಲ. ಹಾಗಾಗಿ ಬೆಳಗಿನ ಜಾವ ಅರ್ಧ ಲೋಟ ಕಾಫಿ ಕುಡಿದರೆ, ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ತನಕ ತುಟಿ ಒದ್ದೆ ಮಾಡಿಕೊಳ್ಳುವುದಷ್ಟೇ. ಮೂತ್ರಪಿಂಡದಲ್ಲಿ ಎರಡು ಸಲ ಕಲ್ಲಾಯಿತು. ನಿವೃತ್ತಿಯಾದರೂ ಅಭ್ಯಾಸ ಹೋಗಲಿಲ್ಲ. ಹೊಸ್ತಿಲು ದಾಟಿದರೆ ಅತ್ತೆಯ ಗಂಟಲು ತಾನೇ ಮುಚ್ಚಿಕೊಳ್ಳುತ್ತಿತ್ತು.

ಅಂಥ ಅತ್ತೆ ಒಂದು ದಿನ ಶಾಲಾ ಮಕ್ಕಳನ್ನು ಸಾಗಿಸುತ್ತಿದ್ದ ಹಳೇ ವ್ಯಾನು ಕೊಂಡು, ಹೊಸೂರಿನ ಒಂದು ವೆಲ್ಡಿಂಗ್ ಷೆಡ್ಡಿನಲ್ಲಿ ನಿಲ್ಲಿಸಿ, ಮನೆಗಾಡಿ ಮಾಡಿಕೊಡಿ ಎಂದರು. ಷೆಡ್ಡಿನವನು ನಕ್ಷೆಯಲ್ಲಿ ಕಕ್ಕಸು ನೋಡಿ ತಲೆ ಕೆರೆದುಕೊಂಡ.

“ಟೀಚರಮ್ಮಾ, ಟೀವಿ ಇಡಾಣ, ಏಸಿ ಇಡಾಣ. ಇದ್ಯಾಕೆ ಸುಮ್ನೆ? ರೋಡ್ ಪಕ್ದಲ್ಲಿ ಜಾಗಕ್ಕೇನ್ ಬರವಾ?”

“ನಿಂಗೆ ಜಾಗ ಅದೆ. ನಂಗಿಲ್ಲ. ಮೊದ್ಲು ಇದನ್ನ ಕೂರ್ಸು, ಮಿಕ್ಕಿದ್ದು ಆಮೇಲೆ,” ಎಂದರು ಅತ್ತೆ.

ಅಪ್ಪನಿಗೆ ಇನ್ನೂ ಆಶ್ಚರ್ಯ. “ಅಲ್ಲ ಅಕ್ಕಾ, ನೀನ್ ಹೊರ್ಟಿರೋ ಕೃಷ್ಣಗಿರಿಗೆ ಒಂದೂವರೆ ಗಂಟೆ ದಾರಿ. ಅದುಕ್ಕೆ ಕಕ್ಕಸ್ ಹೊತ್ಕೊಂಡ್ ಹೋಗ್ಬೇಕಾ? ನಮ್ಮನೆ ಹೆಂಗಸ್ರು ದಾರೀಲಿ ಒಂದಿನ ತೊಂದ್ರೆ ಕೊಟ್ಟೋರಲ್ಲ!” ಇದು ಅಪ್ಪನ ಹಳೆಯ ಹೆಮ್ಮೆ. ಯಾವ ಪ್ರವಾಸದ ಕಥೆ ಹೇಳಿದರೂ ಕೊನೆಗೆ ಈ ಮಾತು ಬರುತ್ತಿತ್ತು.

“ಕೊಡ್ಲಿಲ್ಲ ಕಣ್ಲಾ,” ಎಂದರು ಅತ್ತೆ. “ಅದುಕ್ಕೇ ಈಗ ಕೊಡಾಣಾಂತ.”

ಅಮ್ಮ ಒಳಗೆ ಏನೋ ಹುರಿಯುತ್ತಿದ್ದಳು. ಸೌಟಿನ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು ಎಂದು ನನ್ನ ನೆನಪು. ಇದನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು.

ಓಡಿಸುವವಳು ನಾನು. ಕಾರು ಓಡಿಸಿ ಗೊತ್ತಿದ್ದ ನನಗೆ ಆ ವ್ಯಾನು ಹಿಂದಕ್ಕೆ ತೆಗೆಯುವುದೆಂದರೆ ಆನೆಗೆ ಬೆನ್ನ ಹಿಂದಿನಿಂದ ದಾರಿ ಹೇಳಿದ ಹಾಗೆ. ಆದರೆ ಹೊರಟ ಬೆಳಿಗ್ಗೆಯ ಸಂಭ್ರಮವನ್ನು ಹೇಗೆ ಹೇಳಲಿ! ಪಾತ್ರೆಗಳು ಗಲಗಲ ಅನ್ನುತ್ತಿದ್ದವು, ಸೊಳ್ಳೆ ಪರದೆ ಗಾಳಿಗೆ ಉಬ್ಬುತ್ತಿತ್ತು, ಅತ್ತೆ ಪಕ್ಕದ ಸೀಟಿನಲ್ಲಿ ಒಂದು ಸ್ಟೀಲ್ ಲೋಟ ಮಡಿಲಲ್ಲಿಟ್ಟುಕೊಂಡು, ನೋಟ್‌ಬುಕ್ಕಿನಿಂದ ಪಟ್ಟಿ ಓದುತ್ತಿದ್ದರು. ತೊರಪಲ್ಲಿ ಹತ್ತಿರ ಎಳನೀರು. ಉದ್ದನಪಲ್ಲಿಯಲ್ಲಿ ಕಾಫಿ. ರಾಯಕೋಟೆ ಬೆಟ್ಟದ ಬುಡದಲ್ಲಿ ನಿಂಬೆಹಣ್ಣಿನ ಸೋಡಾ. ಕೃಷ್ಣಗಿರಿ ಡ್ಯಾಮಿನ ಹತ್ತಿರ ಕಬ್ಬಿನ ಹಾಲು.

“ನೋಡೋ ಜಾಗಗಳ ಪಟ್ಟಿ ಅಂದ್ಕೊಂಡಿದ್ದೆ ಅತ್ತೆ.”

“ನೋಡಿದೀನಿ ಕಣೆ ಎಲ್ಲಾನೂ, ಬಸ್ ಕಿಟಕೀಲಿ. ಕುಡ್ದಿಲ್ಲ.”

ತೊರಪಲ್ಲಿ ಹತ್ತಿರ ಗುರುತಿನವರ ಮಾವಿನ ತೋಪಿನಲ್ಲಿ ಗಾಡಿ ನಿಲ್ಲಿಸಿದೆವು. ಅತ್ತೆ ಎಳನೀರು ಕುಡಿದರು. ಕುಡಿದು ಅಪರಾಧ ಮಾಡಿದವರಂತೆ ಸುತ್ತ ನೋಡಿದರು. ಅರ್ಧ ಗಂಟೆ ಬಿಟ್ಟು ಗಾಡಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡು, ಹೊರಗೆ ಬರುವಾಗ ಅವರ ಮುಖ! ಒಂದೇ ಏಟಿಗೆ ಹತ್ತು ವರ್ಷ ಇಳಿದುಹೋಗಿತ್ತು. “ಇನ್ನೊಂದ್ ಕೊಚ್ಚಪ್ಪಾ,” ಎಂದರು ಎಳನೀರಿನವನಿಗೆ. ಆ ದಿನ ನಾವು ಅಲ್ಲಿಂದ ಕದಲಲೇ ಇಲ್ಲ. ಮಾವಿನ ಮರದ ಕೆಳಗೆ ಕುಳಿತು ಎಳನೀರು, ಮಜ್ಜಿಗೆ, ಚಹಾ, ಮತ್ತೆ ಮಜ್ಜಿಗೆ. ನಾನು ಪ್ರತಿ ಸಲವೂ ಡಬ್ಬಕ್ಕೆ ಧಾರಾಳವಾಗಿ ಫಿನಾಯಿಲು ಸುರಿಯುತ್ತಿದ್ದೆ. ವಿಡಿಯೋದವರು ಹಾಕುವ ನೀಲಿ ದ್ರವ ನಮಗೆ ಸಿಕ್ಕಿರಲಿಲ್ಲ. ಫಿನಾಯಿಲಿನ ವಾಸನೆ ಬಂದರೆ ಶುಚಿಯಾಗಿದೆ ಎಂದು ಬಾಲ್ಯದಿಂದ ನಂಬಿ ಬೆಳೆದವಳು ನಾನು.

ಮರುದಿನ ಮಧ್ಯಾಹ್ನ ಉದ್ದನಪಲ್ಲಿ ತಲುಪುವ ಹೊತ್ತಿಗೆ ಕೆಂಪು ದೀಪ ಹತ್ತಿತು. ಅತ್ತೆ ಹೆದರಲಿಲ್ಲ. ಅಲ್ಲಿ ಅವರ ಚಿಕ್ಕಪ್ಪನ ಮಗಳು ಸುಮಿತ್ರಕ್ಕ ಹೊಸ ಮನೆ ಕಟ್ಟಿಸಿದ್ದರು. ಸುಮಿತ್ರಕ್ಕ ಅಕ್ಕಿ ರೊಟ್ಟಿ ಬಡಿಸಿದರು, ಕಾಫಿ ಕೊಟ್ಟರು, ಗಾಡಿಯನ್ನು ಮೂರು ಸುತ್ತು ಹಾಕಿ ಮೆಚ್ಚಿದರು. ಆಮೇಲೆ ಅತ್ತೆ, ಡಬ್ಬವನ್ನು ನಿಮ್ಮ ಕಕ್ಕಸಿಗೆ ಸುರಿದುಕೊಳ್ಳುತ್ತೇವೆ ಎಂದರು. ಸುಮಿತ್ರಕ್ಕ ಮೊದಲು ನಕ್ಕರು. ತಮಾಷೆ ಅಲ್ಲವೆಂದು ಗೊತ್ತಾದಾಗ ಸೆರಗು ಸರಿಮಾಡಿಕೊಂಡರು.

“ಅಯ್ಯೋ ಅಕ್ಕಾ, ಗೃಹಪ್ರವೇಶ ಆಗಿ ತಿಂಗ್ಳಾಗಿಲ್ಲ. ದೇವ್ರ ಮನೆ ಮುಂದಿಂದಾನೇ ಹೋಗ್ಬೇಕು. ನೀವು ಬೇಕಾದ್ರೆ ಹೋಗ್ಬನ್ನಿ, ಎಷ್ಟ್ ಸಲ ಆದ್ರೂ ಹೋಗ್ಬನ್ನಿ. ಆದ್ರೆ ಅದನ್ನ ಎತ್ಕೊಂಡು ಒಳಕ್ಕೆ…”

“ಹೊಟ್ಟೇಲಿ ಇಟ್ಕೊಂಡ್ ಬಂದ್ರೆ ಆಗುತ್ತೆ, ಡಬ್ಬದಲ್ಲಿ ತಂದ್ರೆ ಆಗಲ್ವೇನೆ?”

ಸುಮಿತ್ರಕ್ಕ ಎದ್ದು ಹೋಗಿ ದೇವರ ಮನೆಯ ಬಾಗಿಲು ಮುಚ್ಚಿ ಬಂದರು. ನಮಗೂ ಡಬ್ಬ ಒಳಕ್ಕೆ ಒಯ್ಯುವ ಧೈರ್ಯವಿರಲಿಲ್ಲ. ಕೆಟ್ಟವರಲ್ಲ ಅವರು. ಹೊರಡುವಾಗ ಕುಂಕುಮ ಕೊಟ್ಟು, ದಾರಿಗೆ ಒಂದು ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಕೊಟ್ಟರು. ಗಾಡಿ ಊರು ದಾಟಿತು. “ಅತ್ತೆ, ಕಾಫಿ ಬಗ್ಗಿಸ್ಕೊಳ್ಳಿ,” ಎಂದೆ ನಾನು. ಅತ್ತೆ ಮಡಿಲಲ್ಲಿದ್ದ ಸ್ಟೀಲ್ ಲೋಟವನ್ನು ಮಗುಚಿ ಡ್ಯಾಷ್‌ಬೋರ್ಡಿನ ಮೇಲಿಟ್ಟರು. ನಾಲಿಗೆ ಹೊರತೆಗೆದು ತುಟಿ ಒದ್ದೆ ಮಾಡಿಕೊಂಡರು.

“ಹೊಸೂರಿಗೆ ತಿರುಗ್ಸು,” ಎಂದರು.

ಆ ಲೋಟ ಮಗುಚಿದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಇಡೀ ಗಾಡಿ, ಮಂಚ, ಸೊಳ್ಳೆ ಪರದೆ, ನನ್ನ ಒಂದೂವರೆ ಪುಟದ ಭಾಷಣ, ಎಲ್ಲ ಸೇರಿ ಆ ಲೋಟ ನೆಟ್ಟಗೆ ನಿಲ್ಲಲಿ ಎಂದು ತಾನೇ? ಸುರಿಯಲು ಜಾಗವಿಲ್ಲದಿದ್ದರೆ ಕುಡಿಯಲೂ ಆಗುವುದಿಲ್ಲ ಎಂಬುದು ನನಗೆ ಆ ಕ್ಷಣದಲ್ಲಿ ತಿಳಿಯಿತು. ಅತ್ತೆಗೆ ಅದು ಮೊದಲಿಂದ ಗೊತ್ತಿತ್ತು.

ತಿರುಗಿಸಲು ಒಂದು ಹೊಲದ ದಾರಿಯ ಬಾಯಲ್ಲಿ ಗಾಡಿ ಹಿಂದಕ್ಕೆ ತೆಗೆದೆ. ಹಿಂದಿನ ಚಕ್ರ ಟೊಮೆಟೊ ಪಾತಿಗೆ ಇಳಿಯಿತು.

“ಯಾವನ್ಲಾ ಅವ್ನು, ಕಣ್ಣು ಕಾಣಲ್ವೇನ್ಲಾ!” ಎಂದು ಕೂಗುತ್ತ ಕುಡುಗೋಲು ಹಿಡಿದ ಹೆಂಗಸೊಬ್ಬಳು ಓಡಿಬಂದಳು. ಕಿಟಕಿಯಲ್ಲಿ ನನ್ನನ್ನು ನೋಡಿ ನಿಂತಳು. “ಅಯ್, ಎಣ್ಣುಡ್ಗಿ! ಇಷ್ಟು ದೊಡ್ಡ ಗಾಡಿ ಯಾಕಮ್ಮಿ ನಿಂಗೆ?”

ಆಕೆ ಮುನಿಯಮ್ಮ. ಹೊಲ ಆಕೆಯದು. ನಾನು ಕ್ಷಮೆ ಕೇಳುವ ಭರದಲ್ಲಿ ಎಲ್ಲವನ್ನೂ ಒದರಿಬಿಟ್ಟೆ: ಗಾಡಿ, ಅತ್ತೆ, ಕೆಂಪು ದೀಪ, ದೇವರ ಮನೆ. ಮುನಿಯಮ್ಮ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ನಕ್ಕಳು.

“ಅಷ್ಟೇನಾ? ಅದುಕ್ಕೇನಂತೆ, ನಮ್ಮ ಗೋಬರ್ ಗ್ಯಾಸಿಗೆ ಉಯ್ರಿ. ನಮ್ಮನೆ ಕಕ್ಕಸೂ ಅದುಕ್ಕೇ ಸೇರೋದು. ನಿಮ್ದೂ ಒಸಿ ಸೇರುದ್ರೆ ನಂಗೊಂದು ಕಾಪಿ ಕಾಯ್ತದೆ.”

ನನಗೆ ಕುಣಿಯುವಷ್ಟು ಖುಷಿ. ಡಬ್ಬ ಎಳೆದು ತಂದು, ಸಗಣಿ ಕಲಸುವ ತೊಟ್ಟಿಯ ಪಕ್ಕ ಇಟ್ಟು, ಮುಚ್ಚಳ ತೆಗೆದೆ. ಮುನಿಯಮ್ಮ ಬಗ್ಗಿ ಮೂಸಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು.

“ಅಯ್ಯಯ್ಯಪ್ಪಾ! ಇದೇನು ಪಿನಾಯಿಲು! ಬ್ಯಾಡ ಬ್ಯಾಡ, ಮುಚ್ಚಮ್ಮಿ. ಇದುನ್ನ ಉಯ್ದ್ರೆ ನನ್ನ ಗ್ಯಾಸು ಸತ್ತೋಯ್ತದೆ. ಅದ್ರಾಗಿರೋ ಉಳ ಎಲ್ಲಾ ಸತ್ತು, ತಿಂಗ್ಳೆಲ್ಲಾ ನಾನು ಸೌದೆ ಊದ್ಬೇಕಾಯ್ತದೆ. ಏನ್ ಓದಿದ್ದೀಯೆ ನೀನು?”

ಎಂ.ಎ. ಎಂದು ಹೇಳುವ ಧೈರ್ಯ ಬರಲಿಲ್ಲ. ಅತ್ತೆ ನನ್ನನ್ನು ನೋಡಿದರು, ನಾನು ಅತ್ತೆಯನ್ನು. ಒಂದೇ ಗಂಟೆಯೊಳಗೆ ಒಂದೇ ಡಬ್ಬ ಒಂದು ಮನೆಯಲ್ಲಿ ಕೊಳಕೆಂದು, ಇನ್ನೊಂದು ಮನೆಯಲ್ಲಿ ಫಿನಾಯಿಲೆಂದು ಬೇಡವಾಗಿತ್ತು. ಮೊದಲು ನಕ್ಕದ್ದು ಅತ್ತೆ. ಹೊಟ್ಟೆ ಹಿಡಿದುಕೊಂಡು, ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ನಕ್ಕರು. ಆಮೇಲೆ ಮುನಿಯಮ್ಮ, ಆಮೇಲೆ ಅಳು ಬರುತ್ತಿದ್ದ ನಾನು.

ಮುನಿಯಮ್ಮ ಬಾವಿಯಿಂದ ದೂರ, ಹೊಲದ ತುದಿಯ ಬೀಳು ಮೂಲೆಯಲ್ಲಿ ಜಾಗ ತೋರಿಸಿದಳು. ಮೊಳಕಾಲುದ್ದ ಆಳದ ಗುಂಡಿ ತೋಡಿದೆವು. ನಾನು ತೋಡಿದೆ ಎಂದು ನನ್ನ ನೆನಪು. ಅತ್ತೆ ಹೇಳುವ ಪ್ರಕಾರ ತೋಡಿದ್ದು ಮುನಿಯಮ್ಮ, ನಾನು ಸನಿಕೆ ಹಿಡಿದುಕೊಂಡು ಅಂಗೈ ನೋಡಿಕೊಳ್ಳುತ್ತಿದ್ದೆ. ಡೈರಿಯಲ್ಲಿ ‘ತೋಡಲಾಯಿತು’ ಎಂದಿದೆ. ಆ ಒಂದು ಪದ ನೋಡಿದರೆ ಅತ್ತೆಯೇ ಸರಿ ಇರಬೇಕು. ಆದರೆ ಸುರಿದದ್ದು ಯಾರೆಂದು ಮೂವರಿಗೂ ತಕರಾರಿಲ್ಲ. ನಾನು ಕೈ ಚಾಚಿದಾಗ ಅತ್ತೆ ತಡೆದರು. “ಬಿಡೇ. ಕುಡ್ದೋಳು ನಾನು.” ಸೀರೆ ಎತ್ತಿಕಟ್ಟಿ, ಡಬ್ಬದ ಮೂತಿಯನ್ನು ಗುಂಡಿಗೆ ಬಗ್ಗಿಸಿದರು. ಗುಳುಗುಳು ಎಂದು ಸುರಿಯಿತು. ಮೇಲೆ ಬೂದಿ, ಆಮೇಲೆ ಮಣ್ಣು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ. ಇದು ಮಾತ್ರ ಖಚಿತ, ಬೇಕಾದರೆ ಆಣೆ ಮಾಡುತ್ತೇನೆ.

ಕೈಕಾಲು ತೊಳೆದ ಮೇಲೆ ಮುನಿಯಮ್ಮ ಒಂದು ಚೊಂಬು ಮಜ್ಜಿಗೆ ತಂದಳು. ಅತ್ತೆ ಚೊಂಬು ಹಿಡಿದು, ಬೇಲಿಯ ಮೇಲೆ ಬೋರಲು ಹಾಕಿದ್ದ ಖಾಲಿ ಡಬ್ಬವನ್ನು ನೋಡುತ್ತ ನಿಂತರು. ಕುಡಿಯಲಿಲ್ಲ.

“ಕುಡ್ಯಮ್ಮ,” ಎಂದಳು ಮುನಿಯಮ್ಮ. “ತುಂಬುದ್ರೆ ತಿರ್ಗಾ ಬರ್ರಿ. ನಾನೇನ್ ಎಲ್ಗೋಯ್ತೀನಿ? ಪಿನಾಯಿಲ್ ಮಾತ್ರ ತರಬ್ಯಾಡ್ರಿ.”

ಅತ್ತೆ ಚೊಂಬು ಎತ್ತಿದರು. ನಡುವೆ ಉಸಿರು ತೆಗೆದುಕೊಳ್ಳದೆ, ಗಟಗಟ, ಕೊನೆಯ ಹನಿಯವರೆಗೆ. ಸೆರಗಿನಿಂದ ತುಟಿ ಒರೆಸಿಕೊಂಡು ಚೊಂಬನ್ನು ಮತ್ತೆ ಮುಂದೆ ಚಾಚಿದರು. ನಾವು ಹೊಸೂರಿಗೆ ತಿರುಗಲಿಲ್ಲ. ರಾಯಕೋಟೆಯಲ್ಲಿ ಸೋಡಾ, ಡ್ಯಾಮಿನ ಹತ್ತಿರ ಕಬ್ಬಿನ ಹಾಲು ಎರಡೆರಡು ಲೋಟ. ಒಂದೂವರೆ ಗಂಟೆಯ ದಾರಿಗೆ ನಾಲ್ಕು ದಿನ ಹಿಡಿಯಿತು. ಡಬ್ಬದೊಳಗೆ ಫಿನಾಯಿಲಿನ ಬದಲು ಮುನಿಯಮ್ಮ ಕೊಟ್ಟ ಸಗಣಿ ಬಗ್ಗಡ ಮತ್ತು ಹುಳಿ ಮಜ್ಜಿಗೆ ಇತ್ತು. ವಾಪಸು ಬರುವಾಗ ತುಂಬಿದ ಡಬ್ಬವನ್ನು ಆಕೆಯ ತೊಟ್ಟಿಗೇ ಸುರಿದು, ಅದೇ ಒಲೆಯ ಮೇಲೆ ಕಾದ ಕಾಫಿ ಕುಡಿದೆವು. ಆ ಕಾಫಿಯ ರುಚಿ ಬೇರೆ ಎಂದು ನಾನು ಹೇಳಿದರೆ ಅಪ್ಪ ಎದ್ದು ಹೋಗುತ್ತಾರೆ.

ಈಗ ಅತ್ತೆಯ ನೋಟ್‌ಬುಕ್ಕಿನಲ್ಲಿ ಇನ್ನೊಂದು ಪಟ್ಟಿ ಇದೆ: ಡಬ್ಬ ಸುರಿಯಬಹುದಾದ ಜಾಗಗಳು. ಸುಮಿತ್ರಕ್ಕನ ಮನೆಯೂ ಕಳೆದ ವರ್ಷ ಸೇರಿತು. ಕಕ್ಕಸಿಗೆ ಮನೆಯ ಹಿಂದಿನಿಂದ ಒಂದು ಬಾಗಿಲು ತೆಗೆಸಿದರು. ನಾಳೆ ನಾವು ತಳಿಯ ಕಡೆ, ಅತ್ತೆಯ ಹಳೆಯ ಶಾಲೆ ನೋಡಲು ಹೊರಟಿದ್ದೇವೆ. ಈ ಸಲ ಅಪ್ಪ ಅಮ್ಮನೂ ಬರುತ್ತಾರೆ. ಪ್ರತಿ ಸಲ ಏನಾದರೊಂದು ಕಾರಣ ಹೇಳಿ ಮನೆಯಲ್ಲೇ ಉಳಿಯುತ್ತಿದ್ದ ಅಮ್ಮ ಇವತ್ತು ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ಬಾಟಲಿಗಳಿಗೆ ನೀರು ತುಂಬಿಸುತ್ತಿದ್ದಾಳೆ. ಒಂದಲ್ಲ, ಐದು. ಆರನೆಯದಕ್ಕೆ ಮುಚ್ಚಳ ಹುಡುಕುತ್ತ ಏನೋ ಗುನುಗುತ್ತಿದ್ದಾಳೆ.

ನಾನು ಡಬ್ಬವನ್ನು ಗಾಡಿಗೆ ನೂಕಿ ಬಾಗಿಲು ಹಾಕಿದೆ. ಅಪ್ಪ ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು ಗಾಳಿ ನೋಡುತ್ತಿದ್ದರು. ಹುರುಪಿನಲ್ಲಿದ್ದರು, ಯಾವುದೋ ಹಳೆಯ ತಿರುಪತಿ ಪ್ರಯಾಣದ ಕಥೆ ಶುರುವಾಗಿತ್ತು. ಅದರ ಕೊನೆಯ ಮಾತು ಬರುವ ಮೊದಲು ನಾನು ಕೇಳಿಬಿಟ್ಟೆ.

“ಅಪ್ಪಾ, ಆಗೆಲ್ಲ ಅಮ್ಮ ದಾರಿ ಉದ್ದಕ್ಕೂ ನೀರೇ ಕುಡೀತಿರ್ಲಿಲ್ಲ. ಅದು ನಿಮಗೆ ಗೊತ್ತಿತ್ತಾ?”

ಅಪ್ಪ ಚಕ್ರದ ಗಾಳಿ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದರು. ಅದು ಆಗಲೇ ಬಿಗಿಯಾಗಿತ್ತು. ಮತ್ತೆ ತಿರುಗಿಸಿದರು.